ಶಾಸನಗಳೂ ಛಾಯಾಚಿತ್ರಗಳೂ: ಬಿ. ಎಲ್. ರೈಸ್ ಮಹಾಶಯರ ಜೀವಿತ

ನಮ್ಮ ಶಿವಮೊಗ್ಗೆಯ ಸೀಮೆಯಲ್ಲಿ ಹಳ್ಳಿಯಿಂದ ಹಳ್ಳಿಗೆ ಸಂಚರಿಸಿದವರಿಗೆ ದೇವಾಲಯದ ಅಂಗಳದಲ್ಲಿಯೋ ಕೆರೆಯ ಏರಿಯ ಮೇಲೆಯೋ ಹೊಲದ ಬದುವಿನಲ್ಲಿಯೋ ಬರಹವುಳ್ಳ ಕಲ್ಲುಗಳು ಮೇಲಿಂದ ಮೇಲೆ ಕಣ್ಣಿಗೆ ಬೀಳುವುವು. ಆ ಬರಹವನ್ನು ಓದಬಲ್ಲವರು ಒಂದಾನೊಂದು ಕಾಲದಲ್ಲಿ ಊರಿಗೆ ಒಬ್ಬರೂ ಇರಲಿಲ್ಲ. ಓದಲಾರದ ಬರಹಕ್ಕೆ ಜನರು ತಮಗೆ ತೋರಿದ ಅರ್ಥವನ್ನು ಕೊಟ್ಟುಕೊಂಡಿದ್ದರು. ಕಲ್ಲಿನ ಕೆಳಗೆ ಹೊನ್ನಿನ ಕೊಪ್ಪರಿಗೆ ಹೂಳಿರುವುದೆಂದೂ, ಬರಹವು ಅದರ ಗುರುತೆಂದೂ ನಂಬಿ, ರಾತ್ರಿಯ ಹೊತ್ತಿನಲ್ಲಿ ಅಗೆದು ಕಲ್ಲನ್ನು ಉರುಳಿಸಿದವರುಂಟು. ಬಟ್ಟೆ ಒಗೆಯುವುದಕ್ಕೂ ಮೋರಿಯ ಮೇಲೆ ಹಾಸುವುದಕ್ಕೂ ಒಯ್ದವರುಂಟು. ಹೀಗೆ ಮೂಕವಾಗಿ ನಿಂತಿದ್ದ ಕಲ್ಲುಗಳಿಗೆ ಮಾತು ಬರುವಂತೆ ಮಾಡಿದವರಲ್ಲಿ ಮೊದಲಿಗರಾಗಿ, ಕನ್ನಡಿಗರಿಂದ ಶಾಸನ ಪಿತಾಮಹರೆಂದು ಕರೆಯಿಸಿಕೊಂಡ ಬೆಂಜಮಿನ್ ಲೂಯಿಸ್ ರೈಸ್ ಮಹಾಶಯರ ಚರಿತ್ರೆಯನ್ನು ಈ ಸಂಚಿಕೆಯ ವಾಚಕರಿಗೆ ಅರಿಕೆಮಾಡುವುದು ಉಚಿತವೆಂದು ಭಾವಿಸಿದ್ದೇವೆ. ಅವರ ಕೆಲಸಕ್ಕೆ ಛಾಯಾಚಿತ್ರವೆಂಬ ಹೊಸ ವಿದ್ಯೆಯು ಹೇಗೆ ಬಾಗಿಲಾಯಿತೆಂಬುದೇ ಈ ಲೇಖನದಲ್ಲಿ ಮುಖ್ಯವಾಗಿ ಹೇಳತಕ್ಕ ವಿಷಯ.

ರೈಸರು 1837ನೆಯ ಇಸವಿ ಜುಲೈ 17ನೆಯ ತಾರೀಖು ಬೆಂಗಳೂರಿನಲ್ಲಿ ಜನಿಸಿದರು. ಅವರ ತಂದೆಯವರಾದ ರೆವರೆಂಡ್ ಬೆಂಜಮಿನ್ ರೈಸರು ಲಂಡನ್ ಮಿಷನ್ ಸಂಘಕ್ಕೆ ಸೇರಿದವರು. ಅದೇ ವರ್ಷದ ಆದಿಯಲ್ಲಿ ಬೆಂಗಳೂರಿಗೆ ಬಂದು, ಕನ್ನಡವನ್ನು ಚೆನ್ನಾಗಿ ಅಭ್ಯಾಸಮಾಡಿ, ಮಕ್ಕಳಿಗಾಗಿ ಕನ್ನಡದಲ್ಲಿ ಪಾಠಪುಸ್ತಕಗಳನ್ನು ಬರೆದು, ಐವತ್ತು ವರ್ಷಕಾಲ ಈ ನಾಡಿನಲ್ಲಿಯೇ ಇದ್ದು 1887ರಲ್ಲಿ ತೀರಿಕೊಂಡರು. ಬೆಂಗಳೂರಿನ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯವು ಈ ತಂದೆಯವರ ಹೆಸರನ್ನು ಹೊತ್ತಿರುವುದೇ ಹೊರತು ಮಗನ ಹೆಸರನ್ನಲ್ಲ. ಇಬ್ಬರನ್ನೂ ಒಬ್ಬರೆಂದು ಎಣಿಸುವವರು ಈಗಲೂ ಬಹುಮಂದಿ ಇರುವರು. ತಾಯಿಯವರಾದ ಜೇನ್ ರೈಸಮ್ಮನವರ ವಿಷಯದಲ್ಲಿ ನಮ್ಮಂಥ ಶಾಲೆಯವರಿಗೆ ವಿಶೇಷವಾದ ಗೌರವವಿರಬೇಕಾದದ್ದು ನ್ಯಾಯ. ಹೆಣ್ಣುಮಕ್ಕಳನ್ನು ಓದಿಗೆ ಕಳುಹಿಸುವುದೆಂದರೆ ನೆರೆಹೊರೆಯವರು ನಗುತ್ತಿದ್ದ 1840ರ ದಶಕದ ಆದಿಯಲ್ಲಿ, ಈ ತಾಯಿಯವರೂ ಸೀವೆಲ್ ದೊರೆಸಾನಿಯವರೂ ಕೂಡಿ ಬೆಂಗಳೂರಿನಲ್ಲಿ ಕನ್ನಡ ಬಾಲಿಕೆಯರಿಗೆ ಪಾಠಶಾಲೆಯನ್ನು ತೆರೆದರು. ಮನೆಯೊಳಗೆ ಇಂಗ್ಲಿಷೂ ಹಿತ್ತಲಿನಲ್ಲಿಯೂ ಬೀದಿಯಲ್ಲಿಯೂ ಕನ್ನಡವೂ ಕೇಳಿಬರುತ್ತಿದ್ದ ಆ ವಾತಾವರಣದಲ್ಲಿ ಬಾಲಕನು ಬೆಳೆದನು.

ಬಾಲಕನಿಗೆ ಎರಡು ವರ್ಷ ವಯಸ್ಸಾಗಿದ್ದಾಗ, ಎಂದರೆ 1839ರಲ್ಲಿ, ಫ್ರಾನ್ಸ್ ದೇಶದ ಡಗೇರ್ ಎಂಬವನು ಬೆಳಕಿನಿಂದ ಚಿತ್ರವನ್ನು ಹಿಡಿದಿಡುವ ವಿಧಾನವು ಲೋಕಕ್ಕೆ ಪ್ರಕಟವಾಯಿತು. ಆದುದರಿಂದ ರೈಸರಿಗೂ ಛಾಯಾಚಿತ್ರಕ್ಕೂ ಹೆಚ್ಚು ಕಡಮೆ ಒಂದೇ ವಯಸ್ಸು. ಇಬ್ಬರೂ ಕೂಡಿದ್ದು ಇನ್ನೂ ಇಪ್ಪತ್ತಾರು ವರ್ಷಗಳ ತರುವಾಯ.

ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿಕೊಂಡು 1860ರಲ್ಲಿ ಮರಳಿ ಬಂದ ರೈಸರು, ಮುಂದೆ ಸೆಂಟ್ರಲ್ ಕಾಲೇಜೆಂದು ಹೆಸರಾದ ಬೆಂಗಳೂರಿನ ಹೈಸ್ಕೂಲಿಗೆ ಮುಖ್ಯಾಧಿಕಾರಿಗಳಾಗಿ ನೇಮಿಸಲ್ಪಟ್ಟರು. ಆಗ ಮೈಸೂರು ಸಂಸ್ಥಾನದ ಆಡಳಿತವು ಬ್ರಿಟಿಷ್ ಕಮಿಷನರ ಕೈಯಲ್ಲಿದ್ದಿತು. 1865ರಲ್ಲಿ ರೈಸರಿಗೆ ಮೈಸೂರು ಮತ್ತು ಕೊಡಗು ಸೀಮೆಗಳ ಪಾಠಶಾಲೆಗಳನ್ನು ತನಿಖೆಮಾಡುವ ಇನ್ಸ್‌ಪೆಕ್ಟರ್ ಹುದ್ದೆ ದೊರೆಯಿತು. ಅವರ ಬಾಳಿನ ದಿಕ್ಕನ್ನು ಬದಲಾಯಿಸಿದ್ದು ಈ ಹುದ್ದೆಯೇ ಎಂದು ಹೇಳಬಹುದು. ಶಾಲೆಗಳನ್ನು ನೋಡಬೇಕಾದರೆ ಊರೂರಿಗೆ ಹೋಗಬೇಕು; ಹೋಗುವುದಕ್ಕೆ ಕುದುರೆಯೇ ಗತಿ. ಶಿವಮೊಗ್ಗೆಗೆ ಬೀರೂರಿನ ಕಡೆಯಿಂದ ರೈಲುಗಾಡಿ ಬಂದದ್ದು 1899ರಲ್ಲಿ. ಅದಕ್ಕೆ ಮುಂಚೆ ತುಂಗೆ ಭದ್ರೆಗಳ ತೀರಕ್ಕೂ ಮಲೆನಾಡಿನ ಘಟ್ಟಗಳಿಗೂ ಬರುವ ಅಧಿಕಾರಿಯು ಡೇರೆಯನ್ನು ಸಂಗಡ ತಂದು, ಜ್ವರದ ಭಯದಿಂದ ಮಳೆಗಾಲವನ್ನು ಬಿಟ್ಟು, ಬೇಸಗೆಯಲ್ಲಿ ಸಂಚರಿಸಬೇಕಾಗಿತ್ತು. ಕುದುರೆಯ ನಡೆ ನಿಧಾನವಾದದ್ದರಿಂದ ದಾರಿಯ ಎರಡು ಪಕ್ಕದ ಕಲ್ಲುಗಳೂ ಅವರ ಕಣ್ಣಿಗೆ ಬಿದ್ದುವು. ಮೋಟಾರಿನಲ್ಲಿ ಧೂಳೆಬ್ಬಿಸಿಕೊಂಡು ಹೋಗುವ ತನಿಖೆದಾರರಾಗಿದ್ದರೆ ಈ ಚರಿತ್ರೆಯನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲವೇನೋ.

ಅದೇ 1865ನೆಯ ಇಸವಿಯಲ್ಲಿ ಇನ್ನೊಂದು ಕಾರ್ಯವು ನಡೆಯಿತು. ಅಂದಿನ ಕಮಿಷನರಾದ ಬೌರಿಂಗ್ ದೊರೆಗಳು ಮೈಸೂರು ಸೀಮೆಯ ಮುಖ್ಯವಾದ ಶಾಸನಗಳ ಛಾಯಾಚಿತ್ರಗಳನ್ನು ತೆಗೆಯಬೇಕೆಂದು ಮದರಾಸು ಸೈನ್ಯದ ಮೇಜರ್ ಡಿಕ್ಸನ್ ಎಂಬವರನ್ನು ನೇಮಿಸಿದರು. ಇದಕ್ಕೆ ಹತ್ತು ವರ್ಷಗಳ ಹಿಂದೆಯೇ ಲಿನ್ನೇಯಸ್ ಟ್ರೈಪ್ ಎಂಬ ಸೇನಾಧಿಕಾರಿಯು ಬೇಲೂರು ಹಳೇಬೀಡುಗಳ ಗುಡಿಗಳನ್ನೂ, ಡಾಕ್ಟರ್ ಪಿಗೌ ಎಂಬ ವೈದ್ಯರು ಧಾರವಾಡ ಮೈಸೂರು ಪ್ರಾಂತಗಳ ಕಟ್ಟಡಗಳನ್ನೂ ಚಿತ್ರಿಸಿದ್ದರು. ಅವರ ಲಕ್ಷ್ಯವು ಶಿಲ್ಪದ ಸೊಬಗಿನ ಕಡೆಗಿದ್ದಿತು. ಡಿಕ್ಸನ್ನರ ಕೆಲಸ ಬೇರೆ ಬಗೆಯದು. ಚೆಲುವಿಲ್ಲದ ಕಲ್ಲಿನ ಮೇಲಣ ಬರಹವನ್ನು ಅಕ್ಷರ ಅಕ್ಷರವಾಗಿ ಹಿಡಿಯಬೇಕಾಗಿತ್ತು. ಚಿತ್ರದುರ್ಗ, ಹರಿಹರ, ನಮ್ಮ ಶಿಕಾರಿಪುರದ ಸೀಮೆಯ ಬಳ್ಳಿಗಾವೆ ಮೊದಲಾದ ಕಡೆಗಳಲ್ಲಿ ಶಿಲಾಶಾಸನ ತಾಮ್ರಶಾಸನಗಳ ನೂರೈವತ್ತರಷ್ಟು ಚಿತ್ರಗಳನ್ನು ಅವರು ತೆಗೆದರು.

ಈಗಿನ ಬಾಲಿಕೆಯರು ಚಿತ್ರ ತೆಗೆಯುವುದೆಂದರೆ ಬೆರಳನ್ನು ಒಂದು ಸಲ ಸೋಕಿಸುವುದೆಂದು ತಿಳಿದಿರುವರು. ಆದುದರಿಂದ ಆ ಕಾಲದಲ್ಲಿ ರೂಢಿಯಲ್ಲಿದ್ದ ಕ್ರಮವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಚಿತ್ರ ತೆಗೆಯುವವನು ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮವಾಗಿ ಹೊಯ್ದು, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಅದು ಒಣಗುವುದರೊಳಗಾಗಿ ಪೆಟ್ಟಿಗೆಯಲ್ಲಿಟ್ಟು ಬೆಳಕು ತೋರಿಸಿ, ಒಡನೆಯೇ ಕತ್ತಲೆಯ ಗುಡಾರದೊಳಗೆ ಓಡಿ ಔಷಧಗಳಿಂದ ತೊಳೆದು ಚಿತ್ರವನ್ನು ನಿಲ್ಲಿಸಬೇಕು. ನಮ್ಮ ಬೇಸಗೆಯ ಬಿಸಿಲಿನಲ್ಲಿ ಫಲಕವು ಕೆಲವೇ ನಿಮಿಷಗಳಲ್ಲಿ ಒಣಗಿಹೋಗುವುದು. ಒಣಗಿದರೆ ಮಾಡಿದ ಶ್ರಮವೆಲ್ಲಾ ವ್ಯರ್ಥ. ಗಾಜು, ಸೀಸೆಗಳು, ಗುಡಾರ, ಪೆಟ್ಟಿಗೆ, ಶುದ್ಧವಾದ ನೀರು, ಇವೆಲ್ಲವನ್ನೂ ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಹೋಗಬೇಕಾಗಿತ್ತು. ಇಷ್ಟಾದರೂ ಬರಹವು ಚಿತ್ರದಲ್ಲಿ ಮೂಡುವುದು ಸೂರ್ಯನ ಕೃಪೆ. ನಡುಹಗಲಿನ ಬೆಳಕು ಕಲ್ಲಿನ ಮುಖದ ಮೇಲೆ ನೇರವಾಗಿ ಬಿದ್ದರೆ ಅಕ್ಷರದ ಗುಳಿಗಳು ನೆರಳಿಲ್ಲದೆ ಮಾಯವಾಗುವುವು. ಬೆಳಿಗ್ಗೆ ಅಥವಾ ಸಂಜೆ ಓರೆಯಾಗಿ ಬಿದ್ದರೆ ಪ್ರತಿಯೊಂದು ಗೆರೆಯೂ ನೆರಳಿನಿಂದ ಎದ್ದು ಕಾಣುವುದು.

ಸರಕಾರದ ಕೈಸೇರಿದ ಈ ಚಿತ್ರಗಳಲ್ಲಿ ಇರುವುದೇನೆಂಬುದು ಇನ್ನೂ ತಿಳಿಯಬೇಕಾಗಿತ್ತು. ಚಿತ್ರ ತೆಗೆದವರು ಅವುಗಳನ್ನು ಓದತಕ್ಕವರಲ್ಲ. ಓದಿ ಇಂಗ್ಲಿಷಿಗೆ ತಿರುಗಿಸುವ ಕೆಲಸವು ಕಾಲಕ್ರಮದಲ್ಲಿ ರೈಸರ ಪಾಲಿಗೆ ಬಂದಿತು. ಕಾಗದದ ಮೇಲೆ ಕಿರಿದಾಗಿ ಮೂಡಿದ ಉದ್ದುದ್ದ ಶಾಸನಗಳು. ಈಗಿನ ಕನ್ನಡಕ್ಕಿಂತ ಬೇರೆಯಾದ ಲಿಪಿ. ಅಲ್ಲಲ್ಲಿ ಮಸಿಯಂಥ ಕಲೆ, ಕಲ್ಲಿನ ಬಿರುಕು. ಲಿಪಿಯನ್ನು ಗುರುತಿಸಿದರೂ ಭಾಷೆಯು ಹಳಗನ್ನಡ ಮತ್ತು ಸಂಸ್ಕೃತ. ಆಗ ಪಂಪನ ಗ್ರಂಥವಾಗಲಿ ನಾಗವರ್ಮನ ವ್ಯಾಕರಣವಾಗಲಿ ಅಚ್ಚಾಗಿರಲಿಲ್ಲ. ಓಲೆಗರಿಗಳಲ್ಲಿ ಮಠಗಳಲ್ಲಿಯೂ ಪಂಡಿತರ ಮನೆಗಳಲ್ಲಿಯೂ ಅಡಗಿದ್ದುವು. ಕಲ್ಲನ್ನು ಓದಬೇಕಾದರೆ ಓಲೆಯನ್ನು ಓದಬೇಕು, ಓಲೆಯನ್ನು ಓದಬೇಕಾದರೆ ಪಂಡಿತರ ಬಳಿಗೆ ಹೋಗಬೇಕು ಎಂಬ ಸ್ಥಿತಿ. ರೈಸರು ಈ ಮಾರ್ಗವನ್ನೇ ಹಿಡಿದರು. ಇದರಿಂದ ಕನ್ನಡಕ್ಕೆ ಎರಡನೆಯ ಲಾಭವೂ ಆಯಿತು. ಶಾಸನಗಳನ್ನು ಅರಿಯುವುದಕ್ಕಾಗಿ ಅವರು ಹುಡುಕಿಸಿದ ಕಾವ್ಯಗಳೂ ಲಕ್ಷಣಗ್ರಂಥಗಳೂ ಅವರ ಮೇಲ್ವಿಚಾರಣೆಯಲ್ಲಿ ಅಚ್ಚಾಗುತ್ತ ಬಂದುವು: 1884ರಲ್ಲಿ ನಾಗವರ್ಮನ ಕರ್ಣಾಟಕ ಭಾಷಾಭೂಷಣ, 1890ರಲ್ಲಿ ಭಟ್ಟಾಕಳಂಕನ ಶಬ್ದಾನುಶಾಸನ, 1898ರಲ್ಲಿ ಪಂಪಭಾರತ. ಕೆ. ಬಿ. ಪಾಠಕರು ಸಂಶೋಧಿಸಿದ ಕವಿರಾಜಮಾರ್ಗವೂ ಅದೇ ಮಾಲೆಯಲ್ಲಿ ಅದೇ ವರ್ಷ ಹೊರಬಿದ್ದಿತು. ಛಾಯಾಚಿತ್ರಗಳಿಂದ ಓದಿದ ಶಾಸನಗಳ ಅನುವಾದವೇ ಬಹುಭಾಗವಾಗಿರುವ ಮೈಸೂರು ಶಾಸನಗಳೆಂಬ ಅವರ ಇಂಗ್ಲಿಷ್ ಗ್ರಂಥವು 1879ರಲ್ಲಿ ಪ್ರಕಟವಾಯಿತು. ಧಾರವಾಡದ ಕಡೆಯ ಶಾಸನಗಳಲ್ಲಿ ಪಾರಂಗತರಾದ ಫ್ಲೀಟ್ ಎಂಬ ಅಧಿಕಾರಿಗಳೂ ಡಿಕ್ಸನ್ನರ ಚಿತ್ರಗಳ ಸಹಾಯದಿಂದಲೇ ಬಳ್ಳಿಗಾವೆಯ ಅನೇಕ ಶಾಸನಗಳನ್ನು ಅದೇ ಕಾಲದಲ್ಲಿ ಪ್ರಕಟಿಸಿದರು.

ಈ ನಡುವೆ ರೈಸರ ಸರಕಾರೀ ಉದ್ಯೋಗವು ಬೆಳೆಯುತ್ತಲೇ ಇದ್ದಿತು. 1868ರಲ್ಲಿ ವಿದ್ಯಾ ಇಲಾಖೆಯ ಡೈರೆಕ್ಟರ ಸ್ಥಾನಕ್ಕೆ ಏರಿದರು. ಹೋಬಳಿಗೊಂದರಂತೆ ಕನ್ನಡ ಪಾಠಶಾಲೆಗಳನ್ನು ಸ್ಥಾಪಿಸುವ ಏರ್ಪಾಟು ನಡೆದದ್ದು ಆ ಕಾಲದಲ್ಲಿಯೇ. ಅವರಿಗಿಂತ ಮುಂಚೆ ಆ ಸ್ಥಾನದಲ್ಲಿದ್ದ ಗ್ಯಾರೆಟ್ಟರ ಮಗಳನ್ನು ಅವರು ವಿವಾಹವಾದರು. 1876–77ರಲ್ಲಿ ಮೈಸೂರು ಮತ್ತು ಕೊಡಗು ಸೀಮೆಗಳ ಗೆಜೆಟಿಯರನ್ನು ರಚಿಸಿದರು. 1882ರಲ್ಲಿ ಇಡೀ ಹಿಂದೂದೇಶದ ವಿದ್ಯಾಭ್ಯಾಸವನ್ನು ವಿಚಾರಿಸುವುದಕ್ಕಾಗಿ ಹಂಟರ್ ಎಂಬವರ ಅಧ್ಯಕ್ಷತೆಯಲ್ಲಿ ಕೂಡಿದ ಮಂಡಲಿಗೆ ಕಾರ್ಯದರ್ಶಿಗಳಾಗಿದ್ದರು. ಇವುಗಳಲ್ಲಿ ಯಾವುದೊಂದೂ ಸಣ್ಣ ಕೆಲಸವಲ್ಲವಾದರೂ ನಾವು ಬೇಗನೆ ದಾಟಿ ಮುಂದಕ್ಕೆ ಹೋಗುವೆವು.

1881ರಲ್ಲಿ ರಾಜ್ಯವು ಮೈಸೂರು ಅರಸರ ಕೈಗೆ ಮರಳಿ ಬಂದ ತರುವಾಯ ಪ್ರಾಚೀನ ವಸ್ತುಗಳ ಶೋಧನೆಗಾಗಿ ಪ್ರತ್ಯೇಕವಾದ ಇಲಾಖೆಯೇ ಏರ್ಪಟ್ಟು, ರೈಸರು ಅದರ ಆಡಳಿತವನ್ನು ವಹಿಸಿದರು. ಛಾಯಾಚಿತ್ರದಿಂದ ಪ್ರಾರಂಭವಾದ ಕೆಲಸವು ಛಾಯಾಚಿತ್ರದಲ್ಲಿಯೇ ನಿಲ್ಲಲಾರದೆಂಬುದು ಅವರಿಗೆ ಚೆನ್ನಾಗಿ ಗೊತ್ತಾಗಿದ್ದಿತು. ಕಲ್ಲಿನ ಅರ್ಧವು ನೆಲದಲ್ಲಿ ಹೂತಿದ್ದರೆ ಚಿತ್ರದಲ್ಲಿಯೂ ಅರ್ಧವೇ ಇರುವುದು. ಹಿಂಬದಿಯ ಬರಹವು ಚಿತ್ರಕ್ಕೆ ಬೀಳದು. ಎಣ್ಣೆಯಿಂದಲೂ ಸುಣ್ಣದಿಂದಲೂ ಮುಚ್ಚಿಹೋದ ಅಕ್ಷರವನ್ನು ಬೆರಳಾಡಿಸಿ ನೋಡಿದರೆ ಮಾತ್ರ ತಿಳಿಯಬಹುದು. ಆದಕಾರಣ ಪಂಡಿತರನ್ನು ತಾಲ್ಲೂಕು ತಾಲ್ಲೂಕಿಗೆ ಕಳುಹಿಸಿ, ಕಲ್ಲನ್ನು ತೊಳೆಯಿಸಿ, ಒದ್ದೆ ಕಾಗದವನ್ನು ಅದರ ಮೇಲೆ ಹರಡಿ, ಕುಂಚದಿಂದ ಬಡಿದು ಅಕ್ಷರದ ಗುಳಿಗಳೊಳಗೆ ಇಳಿಸಿ, ಮೇಲೆ ಮಸಿಯನ್ನು ತಟ್ಟಿ ಪಡಿಯಚ್ಚು ತೆಗೆಯುವ ಕ್ರಮವನ್ನು ನಡೆಸಿದರು. ಅಚ್ಚು ತೆಗೆಯಲಾಗದ ಕಡೆ ಕೈಯಿಂದ ಪ್ರತಿಮಾಡಿಸಿದರು. ಹೀಗೆ ಕೂಡಿದ ಒಂಬತ್ತು ಸಾವಿರದಷ್ಟು ಶಾಸನಗಳು 1886ರಿಂದ ಸುಮಾರು ಇಪ್ಪತ್ತು ವರ್ಷಗಳಲ್ಲಿ ಎಪಿಗ್ರಾಫಿಯಾ ಕರ್ಣಾಟಿಕಾ ಎಂಬ ಹನ್ನೆರಡು ಸಂಪುಟಗಳಾಗಿ ಹೊರಬಂದುವು. ಬಿಸಿಲಿನಲ್ಲಿ ಕಲ್ಲಿನ ಮುಂದೆ ಕುಳಿತು ಬೆನ್ನು ನೋಯಿಸಿಕೊಂಡ ಆ ಪಂಡಿತರಲ್ಲಿ ಕವಿಚರಿತೆಯ ಆರ್. ನರಸಿಂಹಾಚಾರ್ಯರನ್ನು ಬಿಟ್ಟರೆ ಉಳಿದವರ ಹೆಸರುಗಳನ್ನು ನಮ್ಮ ಜನರು ಬಲ್ಲವರಲ್ಲ. ರೈಸರಿಗೆ ಸಲ್ಲುವ ಕೀರ್ತಿಯಲ್ಲಿ ಅವರಿಗೂ ದೊಡ್ಡ ಪಾಲುಂಟು.

ಹನ್ನೆರಡು ಸಂಪುಟಗಳಲ್ಲಿ ಎರಡು ನಮ್ಮ ಜಿಲ್ಲೆಯವು. 1902ರಲ್ಲಿ ಬಂದ ಏಳನೆಯದು ಶಿವಮೊಗ್ಗೆ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳಿಗೂ, 1904ರಲ್ಲಿ ಬಂದ ಎಂಟನೆಯದು ಸೊರಬ, ಸಾಗರ, ನಗರ, ತೀರ್ಥಹಳ್ಳಿಗಳಿಗೂ ಸೇರಿದ್ದು. ಬೇರೆ ಕೆಲವು ಜಿಲ್ಲೆಗಳಿಗೆ ಒಂದೇ ಸಂಪುಟ ಸಾಕಾಯಿತು. ಇದರಿಂದ ಈ ಸೀಮೆಯ ಶ್ರೀಮಂತಿಕೆಯನ್ನು ಊಹಿಸಬಹುದು.

ಇವುಗಳೊಳಗೆ ಮುಕುಟಪ್ರಾಯವಾದದ್ದು ಶಿಕಾರಿಪುರದ 176ನೆಯ ಸಂಖ್ಯೆಯ ತಾಳಗುಂದದ ಸ್ತಂಭಶಾಸನ. 1894ರಲ್ಲಿ ರೈಸರು ಇದನ್ನು ಕಂಡುಹಿಡಿದರು. ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಈ ಕಂಬದ ಮೇಲೆ ಕುಬ್ಜನೆಂಬ ಕವಿಯು ರಚಿಸಿದ ಸಂಸ್ಕೃತ ಕಾವ್ಯವೊಂದು ಕೆತ್ತಲ್ಪಟ್ಟಿದೆ. ಮಯೂರಶರ್ಮನೆಂಬ ಬ್ರಾಹ್ಮಣ ತರುಣನು ಗುರುವಾದ ವೀರಶರ್ಮನೊಡನೆ ಕಂಚಿಯ ವಿದ್ಯಾಸ್ಥಾನಕ್ಕೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆಯ ಸವಾರನೊಡನೆ ಜಗಳವಾಗಿ ಅವಮಾನಪಟ್ಟದ್ದು, ದರ್ಭೆಯನ್ನು ಹಿಡಿದ ಕೈಯಲ್ಲಿ ಕತ್ತಿಯನ್ನು ಹಿಡಿದು ಶ್ರೀಪರ್ವತದ ಕಾಡನ್ನು ಸೇರಿ ಪಲ್ಲವರನ್ನೇ ಕಾಡಿ ಕಡೆಗೆ ಅವರಿಂದಲೇ ರಾಜ್ಯವನ್ನು ಪಡೆದದ್ದು, ಹೀಗೆ ಕದಂಬ ವಂಶದ ಹುಟ್ಟಿನ ಕಥೆಯೆಲ್ಲವೂ ಅದರಲ್ಲಿ ಬಂದಿದೆ. ಆ ವಂಶದ ಕಾಕುಸ್ಥವರ್ಮನು ಅಲ್ಲಿ ಒಂದು ಕೆರೆಯನ್ನು ಕಟ್ಟಿಸಿದನು. ಅವನ ಮಗನಾದ ಶಾಂತಿವರ್ಮನ ಕಾಲದಲ್ಲಿ ಕಾವ್ಯವನ್ನು ಕಲ್ಲಿನ ಮೇಲೆ ಬರೆಯಲಾಯಿತು. ಐದನೆಯ ಶತಮಾನದ ಈ ಸಂಗತಿಗಳು ಈ ಒಂದು ಕಂಬವಿಲ್ಲದಿದ್ದರೆ ನಮಗೆ ತಿಳಿಯುವ ಬೇರೆ ಉಪಾಯವಿರಲಿಲ್ಲ. ರೈಸರು ಇದರ ಪ್ರತಿಯನ್ನು ಫ್ಲೀಟರಿಗೆ ಕೊಟ್ಟರು. ಅದು ಅವರಿಂದ ವಿಯೆನ್ನಾ ನಗರದ ಬ್ಯೂಲರ್ ಪಂಡಿತರ ಕೈಸೇರಿ, ಬ್ಯೂಲರರು 1895ರಲ್ಲಿ ಅದರ ಸುದ್ದಿಯನ್ನು ವಿದ್ವಲ್ಲೋಕಕ್ಕೆ ತಿಳಿಸಿದರು. ಮುಂದೆ ಜರ್ಮನಿಯ ಕೀಲ್‌ಹಾರ್ನರು ಅದನ್ನು ಸಾಂಗವಾಗಿ ಸಂಪಾದಿಸಿದರು. ಶಿಕಾರಿಪುರದ ಒಂದು ಸಣ್ಣ ಹಳ್ಳಿಯ ಕಲ್ಲು ತಾನಿದ್ದ ಜಾಗವನ್ನು ಬಿಡದೆಯೇ ಯೂರೋಪಿನ ವಿದ್ವಾಂಸರ ಮೇಜಿನ ಮೇಲೆ ಹರಡಲ್ಪಟ್ಟಿತು.

ನಮ್ಮ ಸೋದರಿಯರು ವಿಶೇಷವಾಗಿ ತಿಳಿಯಬೇಕಾದ ಶಾಸನವು ಅದೇ ತಾಲ್ಲೂಕಿನ ಬಂದಣಿಕೆಗೆ ಸಂಬಂಧಪಟ್ಟದ್ದು. ಹತ್ತನೆಯ ಶತಮಾನದ ಆದಿಭಾಗದಲ್ಲಿ ರಾಷ್ಟ್ರಕೂಟರ ಆಳಿಕೆಯಲ್ಲಿ ನಾಗರಖಂಡವೆಂಬ ಎಪ್ಪತ್ತು ಹಳ್ಳಿಗಳ ನಾಡಿಗೆ ಸತ್ತರಸ ನಾಗಾರ್ಜುನನೆಂಬವನು ನಾಳ್ಗಾವುಂಡನಾಗಿದ್ದನು. ಅವನು ಮಡಿದಾಗ ಅರಸನ ಅಪ್ಪಣೆಯಂತೆ ಆ ಅಧಿಕಾರವು ಅವನ ಹೆಂಡತಿಯಾದ ಜಕ್ಕಿಯಬ್ಬೆಗೆ ಕೊಡಲ್ಪಟ್ಟಿತು. ಈಕೆಯು ರಾಜ್ಯಕಾರ್ಯದಲ್ಲಿ ನಿಪುಣೆಯಾಗಿ, ಹೆಣ್ಣೆಂಬ ಅಳುಕಿಲ್ಲದೆ ನಾಡನ್ನು ಆಳಿದಳು. ಕಡೆಗೆ ದೇಹದಲ್ಲಿ ವ್ಯಾಧಿಯು ತೋರಲು, ಮಗಳನ್ನು ಕರೆದು ತನ್ನದೆಲ್ಲವನ್ನೂ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಜೈನರ ವ್ರತವನ್ನು ಹಿಡಿದು ಪ್ರಾಣಬಿಟ್ಟಳು. ಹನ್ನೊಂದನೆಯ ಶತಮಾನದಲ್ಲಿ ಹೊಂಬುಜದ ಚಟ್ಟಲದೇವಿಯು, ಗತಿಸಿದ ತಂಗಿಯ ಮಕ್ಕಳನ್ನು ತನ್ನ ಮಕ್ಕಳಂತೆಯೇ ಸಾಕಿ, 1077ರಲ್ಲಿ ಪಂಚಕೂಟ ಬಸದಿಯನ್ನು ಕಟ್ಟಿಸಿದ ವೃತ್ತಾಂತವೂ ರೈಸರ ಸಂಪುಟದಿಂದಲೇ ಬೆಳಕಿಗೆ ಬಂದದ್ದು. ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವನ್ನು ಓದಿದರೆ ಅಂದಿನ ವಿದ್ಯಾಶಾಲೆಯೊಂದರ ಚಿತ್ರವೇ ಕಣ್ಣಮುಂದೆ ನಿಲ್ಲುವುದು: ವೇದಗಳು, ಹಲವು ವ್ಯಾಕರಣಗಳು, ದರ್ಶನಗಳು, ಕಾವ್ಯನಾಟಕಗಳು ಅಲ್ಲಿ ಬೋಧಿಸಲ್ಪಡುತ್ತಿದ್ದುವು, ದೀನರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಎಲ್ಲರಿಗೂ ಅನ್ನವಿದ್ದಿತು, ರೋಗಿಗಳಿಗೆ ಔಷಧವಿದ್ದಿತು. ಮತದ ಹೆಸರು ಬೇರೆಯಾದರೂ ಇಂಥ ಸಂಸ್ಥೆಯ ನಿತ್ಯದ ಖರ್ಚು ಎಷ್ಟೆಂಬುದನ್ನು ಶಾಲೆ ನಡೆಸುವವರು ಚೆನ್ನಾಗಿ ಊಹಿಸಬಲ್ಲರು.

1892ರಲ್ಲಿ ಚಿತ್ರದುರ್ಗದ ಮೊಳಕಾಲ್ಮೂರಿನ ಸೀಮೆಯಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ರೈಸರು ಅಶೋಕ ಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದು, ಮೌರ್ಯರ ಆಜ್ಞೆಯು ಕನ್ನಡನಾಡಿನವರೆಗೂ ನಡೆಯುತ್ತಿದ್ದಿತೆಂದು ಸ್ಥಾಪಿಸಿದ್ದು ಅವರ ಹೆಸರನ್ನು ದೇಶದೇಶಗಳಿಗೆ ಒಯ್ದಿತು. ಅದನ್ನು ಬರೆದ ಲಿಪಿಕಾರನಾದ ಚಪಡನು ತನ್ನ ಕಸುಬಿನ ಹೆಸರನ್ನು ಮಾತ್ರ ದೂರದ ಗಾಂಧಾರ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದಿರುವುದು ಒಂದು ವಿನೋದವಾದ ಸಂಗತಿ.

ರೈಸರ ಎಲ್ಲ ಅಭಿಪ್ರಾಯಗಳನ್ನೂ ವಿದ್ವಾಂಸರು ಒಪ್ಪಿದರೆಂದು ಹೇಳಲಾಗದು. ಗಂಗವಂಶದ ಹಳೆಯ ತಾಮ್ರಶಾಸನಗಳೆಂದು ಅವರು ನಂಬಿದ್ದವುಗಳಲ್ಲಿ ಅನೇಕವು ಕೂಟಶಾಸನಗಳೆಂದು, ಎಂದರೆ ಹಿಂದಿನ ತೇದಿಯನ್ನು ಹಾಕಿ ತರುವಾಯ ಸೃಷ್ಟಿಸಿದವುಗಳೆಂದು, ಫ್ಲೀಟರು ವಾದಿಸಿದರು. ಇಬ್ಬರಿಗೂ ಬಹುವರ್ಷ ವಾಗ್ವಾದ ನಡೆಯಿತು. ರೈಸರು ತಮ್ಮ ಪಕ್ಷವನ್ನು ಬಿಡಲಿಲ್ಲ. ಚಂದ್ರಗುಪ್ತ ಮೌರ್ಯನು ಭದ್ರಬಾಹುವಿನೊಡನೆ ಶ್ರವಣಬೆಳಗೊಳಕ್ಕೆ ಬಂದನೆಂಬ ಐತಿಹ್ಯವನ್ನೂ ಅವರು ನಿಜವೆಂದೇ ಎಣಿಸಿದರು. ಅದರಲ್ಲಿಯೂ ಪ್ರತಿಪಕ್ಷದವರು ಇದ್ದರು. ಅವಸರದಲ್ಲಿ ಮಾಡಿದ ಕೈಬರಹದ ಪ್ರತಿಗಳಿಂದ ಅಚ್ಚಾದ ಪಾಠಗಳಲ್ಲಿ ತಪ್ಪುಗಳು ಉಳಿದುವೆಂಬುದೂ ಸತ್ಯ. ನಮ್ಮ ಅಭಿಪ್ರಾಯದಲ್ಲಿ ಛಾಯಾಚಿತ್ರದ ಮಹಿಮೆಯು ಇಲ್ಲಿಯೇ ಚೆನ್ನಾಗಿ ಗೊತ್ತಾಗುವುದು. ಒಬ್ಬನು ತಾನು ಓದಿದ್ದನ್ನು ಬರೆದಿಟ್ಟರೆ ನಾವು ಅವನ ಮಾತನ್ನು ನಂಬಬೇಕು, ಇಲ್ಲವೆ ಬಿಡಬೇಕು. ಕಲ್ಲಿನ ಪಡಿಯಚ್ಚನ್ನೋ ಚಿತ್ರವನ್ನೋ ಜೊತೆಯಲ್ಲಿ ಇಟ್ಟರೆ, ಎರಡನೆಯವನು ತನ್ನ ಕಣ್ಣಿನಿಂದಲೇ ಅಕ್ಷರದ ಆಕಾರವನ್ನು ನೋಡಿ ಮೊದಲನೆಯವನು ಸರಿಯೋ ತಪ್ಪೋ ಎಂದು ನಿರ್ಣಯಿಸಬಹುದು. ಅಕ್ಷರಗಳ ಆಕಾರವು ಶತಮಾನದಿಂದ ಶತಮಾನಕ್ಕೆ ಬದಲಾಗುವುದರಿಂದ ಕೂಟಶಾಸನವನ್ನು ಗುರುತಿಸುವುದಕ್ಕೆ ಇದು ಬಹು ಮುಖ್ಯವಾದ ಸಾಕ್ಷಿ. ಫ್ಲೀಟರಂಥವರು ರೈಸರೊಡನೆ ಸಮನಾಗಿ ವಾದಿಸಲು ಸಾಧ್ಯವಾದದ್ದು ಹೀಗೆ. ತನ್ನನ್ನು ಖಂಡಿಸುವವನ ಕೈಗೆ ತಾನೇ ಸಾಧನವನ್ನು ಒದಗಿಸುವ ವಿದ್ವತ್ತು ಯಾವ ಕಾಲದಲ್ಲಿಯೂ ಅಪರೂಪವಾದದ್ದು.

1906ರಲ್ಲಿ ರೈಸರು ಉದ್ಯೋಗದಿಂದ ನಿವೃತ್ತರಾದರು. ಅವರ ಸ್ಥಾನಕ್ಕೆ ನರಸಿಂಹಾಚಾರ್ಯರು ಬಂದು ಕಾರ್ಯವನ್ನು ಮುಂದುವರಿಸಿದರು. ಇಂಗ್ಲೆಂಡಿಗೆ ಹೋದಮೇಲೂ ರೈಸರ ಮನಸ್ಸು ಇಲ್ಲಿಯ ಕಲ್ಲುಗಳನ್ನು ಬಿಡಲಿಲ್ಲ; ಹನ್ನೆರಡು ಸಂಪುಟಗಳ ಸಾರವನ್ನು ಹಿಂಡಿ ಮೈಸೂರು ಕೊಡಗುಗಳ ಇತಿಹಾಸವನ್ನು 1909ರಲ್ಲಿ ಪ್ರಕಟಿಸಿದರು. ಅವರ ಸಹೋದರರಾದ ಇ. ಪಿ. ರೈಸರು 1915ರಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರು ಕಲ್ಲಿನ ಕನ್ನಡವನ್ನೂ ಇನ್ನೊಬ್ಬರು ಓಲೆಯ ಕನ್ನಡವನ್ನೂ ಹೊರನಾಡಿಗೆ ಪರಿಚಯಮಾಡಿಸಿದಂತಾಯಿತು. ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್ ಮಹಾಶಯರು 1927ನೆಯ ಇಸವಿ ಜುಲೈ 10ನೆಯ ತಾರೀಖು ಇಂಗ್ಲೆಂಡಿನ ಹ್ಯಾರೋ ಎಂಬಲ್ಲಿ, ತೊಂಬತ್ತು ವರ್ಷ ತುಂಬುವುದಕ್ಕೆ ಒಂದು ವಾರ ಮಾತ್ರ ಇದ್ದಾಗ ಕಾಲಾಧೀನರಾದರು.

ಅವರು ನೋಡಿದ ಕಲ್ಲುಗಳು ಎಲ್ಲವೂ ಉಳಿದಿಲ್ಲ. ರಸ್ತೆ ಅಗಲವಾಯಿತು, ಮನೆಗಳು ಎದ್ದುವು, ಅಣೆಕಟ್ಟಿನ ನೀರು ಏರಿತು. ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯವರು 2021ರಿಂದೀಚೆಗೆ ಆ ನಗರದ ಸೀಮೆಯ ಶಾಸನಗಳನ್ನು ರೈಸರ ಪಟ್ಟಿಯ ಆಧಾರದಿಂದ ಹುಡುಕಿ, ಬೆಳಕಿನ ಕಿರಣಗಳಿಂದ ಅಳೆದು, ಅಕ್ಷರದ ಆಳ ಅಗಲಗಳು ಸಹಿತವಾಗಿ ಗಣಕಯಂತ್ರದಲ್ಲಿ ಚಿತ್ರವಾಗಿ 'ನಿಲ್ಲಿಸುವ' ಕೆಲಸವನ್ನು ಕೈಕೊಂಡರು. ಡಿಕ್ಸನ್ನರು ಗಾಜಿನ ಮೇಲೆ ಮಾಡಲು ಹೊರಟದ್ದನ್ನೇ ಅವರು ಮುಂದಕ್ಕೆ ಒಯ್ದಿರುವರು. ಕಳೆದುಹೋದ ಕಲ್ಲುಗಳಿಗೆ ರೈಸರು ಅಚ್ಚುಮಾಡಿದ ಪಾಠವೊಂದೇ ಈಗ ಉಳಿದಿರುವ ಆಧಾರ.

ಇದಕ್ಕೆ ವಿರುದ್ಧವಾದ ಸಂತೋಷದ ಉದಾಹರಣೆಯೂ ಒಂದುಂಟು. ತಾಳಗುಂದದ ಅದೇ ಪ್ರಣವೇಶ್ವರ ದೇವಾಲಯದ ಆವರಣದಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯವರು 2013ರಲ್ಲಿ ಅಗೆದಾಗ, ಸಿಂಹದ ಮುಖವುಳ್ಳ ಸೋಪಾನದ ಕಟಾಂಜನವೊಂದು ಸಿಕ್ಕಿ, ಅದರ ಮೇಲೆ ಕನ್ನಡ ಮಾತುಗಳಿರುವ ಕಿರಿದಾದ ಬರಹವು ಕಂಡಿತು. ಅದರ ಕಾಲವನ್ನು ಸುಮಾರು ಕ್ರಿ.ಶ. 370 ಎಂದು ಇಲಾಖೆಯವರು ನಿರ್ಣಯಿಸಿ 2016ರಲ್ಲಿ ಪ್ರಕಟಿಸಿದರು. 1936ರಲ್ಲಿ ದೊರೆತ ಹಲ್ಮಿಡಿಯ ಶಾಸನಕ್ಕಿಂತಲೂ ಇದು ಹಳೆಯದೆಂದಾಯಿತು. ರೈಸರು 1894ರಲ್ಲಿ ಕಂಬವನ್ನು ಓದುತ್ತ ನಿಂತಿದ್ದ ಆವರಣದ ಮಣ್ಣಿನೊಳಗೆಯೇ ಅದು ಹುದುಗಿದ್ದಿತು.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಈಗ ಜಿಲ್ಲೆಯ ಮೂಲೆಮೂಲೆಗಳಲ್ಲಿ ನೆಲಸಿರುವರು. ಚಿತ್ರ ತೆಗೆಯುವ ಮೊಬೈಲ್ ಫೋನು ಎಲ್ಲರ ಕೈಯಲ್ಲಿಯೂ ಇರುವುದು. ಮದುವೆ ಮುಂಜಿಗಳ ಚಿತ್ರಗಳ ಜೊತೆಗೆ ತವರಿನ ಹಿತ್ತಲಿನ ವೀರಗಲ್ಲನ್ನೂ ಅತ್ತೆಮನೆಯ ಊರಿನ ಮಾಸ್ತಿಕಲ್ಲನ್ನೂ ತೆಗೆದಿಡಬೇಕೆಂದು ಅಪೇಕ್ಷೆಪಡುವವರಿಗೆ ಒಂದೆರಡು ಸೂಚನೆಗಳು. ಹೊತ್ತು ಏರುವುದಕ್ಕೆ ಮುಂಚೆ, ಬೆಳಕು ಓರೆಯಾಗಿರುವಾಗ ತೆಗೆಯಬೇಕು. ಅಕ್ಷರ ಕಾಣಲೆಂದು ಬಣ್ಣ ತುಂಬಬಾರದು, ಕಬ್ಬಿಣದಿಂದ ಕೆರೆಯಬಾರದು; ನೀರೂ ಮೃದುವಾದ ನಾರೂ ಸಾಕು. ಕಲ್ಲಿನ ಮೇಲ್ಭಾಗದ ಸೂರ್ಯ ಚಂದ್ರ, ಲಿಂಗ, ಆಕಳು ಕರುಗಳ ಕೆತ್ತನೆಯೂ ಚಿತ್ರದಲ್ಲಿ ಬರಬೇಕು. ಊರಿನ ಹೆಸರನ್ನೂ ಕಲ್ಲು ನಿಂತ ಸ್ಥಳವನ್ನೂ ತೆಗೆದ ದಿನವನ್ನೂ ಬರೆದಿಡಬೇಕು. ಹೆಸರಿಲ್ಲದ ಚಿತ್ರವು ವಿಳಾಸವಿಲ್ಲದ ಕಾಗದದಂತೆ. ಶಿವಮೊಗ್ಗೆಯ ಕೋಟೆಯ ಬಳಿ ಶಿವಪ್ಪನಾಯಕನ ಅರಮನೆಯಲ್ಲಿರುವ ಸರಕಾರೀ ವಸ್ತುಸಂಗ್ರಹಾಲಯದಲ್ಲಿ ಜಿಲ್ಲೆಯ ಅನೇಕ ಶಾಸನಗಳೂ ವೀರಗಲ್ಲುಗಳೂ ಇರುವುದರಿಂದ ಮಕ್ಕಳಿಗೆ ಅಲ್ಲಿ ಮೊದಲು ತೋರಿಸಬಹುದು. ತುಂಗೆಯೂ ಭದ್ರೆಯೂ ಕೂಡುವ ಕೂಡಲಿಯು ಅಲ್ಲಿಂದ ದೂರವಿಲ್ಲ. ತಮ್ಮ ಊರಿನ ಕಲ್ಲನ್ನು ರೈಸರು ನೋಡಿದ್ದರೇ ಎಂದು ತಿಳಿಯಬೇಕೆಂಬವರು ಏಳನೆಯ ಎಂಟನೆಯ ಸಂಪುಟಗಳನ್ನು ತೆಗೆದು ತಾಲ್ಲೂಕನ್ನೂ ಹಳ್ಳಿಯನ್ನೂ ಹುಡುಕಬೇಕು. ಭದ್ರಾವತಿಯವರು ಮಾತ್ರ ತಮ್ಮ ಊರನ್ನು ಆ ಹೆಸರಿನಿಂದ ಹುಡುಕಿದರೆ ಸಿಕ್ಕದು. ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸಕ್ಕೆ ತೊಡಗುವುದಕ್ಕಿಂತ ಎಷ್ಟೋ ಮುಂಚೆ, ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯವಿದ್ದ ಆ ಊರಿಗೆ ಬೆಂಕಿಪುರವೆಂದು ಹೆಸರಿದ್ದಿತು. 1902ರ ಪುಸ್ತಕದಲ್ಲಿ ಅದನ್ನು ಆ ಹೆಸರಿನ ಕೆಳಗೆ ನೋಡಬೇಕು.